ಬೇರು ಕರಗದಂತೆ ಮಾತ್ರೆ ಕೇಳುವ ಮುನ್ನ

ಮಾನ್ಯ ಸಂಪಾದಕರೇ,

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಕ್ಕಳ ಎಕ್ಸ್‌ರೇಯಲ್ಲಿ ಹಲ್ಲಿನ ಬೇರಿನ ತುದಿ ಕರಗಿ ಮೊಂಡಾಗಿದೆ ಎಂದರೆ ಸಾಕು, ‘ಅದಕ್ಕೊಂದು ಮಾತ್ರೆ ಬರೆದುಕೊಡಿ’ ಎನ್ನುತ್ತಾರೆ ಪೋಷಕರು. ಮೊಬೈಲಿನಲ್ಲಿ ಹುಡುಕಿದರೆ ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್, ಥೈರಾಯ್ಡ್ ಕೊರತೆಗೆ ಕೊಡುವ ಥೈರಾಕ್ಸಿನ್, ಆ್ಯಂಟಿಬಯಾಟಿಕ್ ಆದ ಡಾಕ್ಸಿಸೈಕ್ಲಿನ್ ಹೆಸರು ಸಿಗುವುದೂ ನಿಜ. ಆದರೆ ಬೇರು ಉಳಿಸಲು ಈ ಔಷಧಗಳ ಪ್ರಯೋಗಗಳು ಬಹುಪಾಲು ನಡೆದಿರುವುದು ಇಲಿಗಳ ಮೇಲೆ. ಕ್ಲಿಪ್ ಹಾಕಿದವರಿಗೆ ಇದಕ್ಕೆಂದೇ ಕೊಡುವ ಒಪ್ಪಿತ ಔಷಧ ಇನ್ನೂ ಇಲ್ಲ.

ತಂತಿಯ ಒತ್ತಡಕ್ಕೆ ಹಲ್ಲು ಸರಿಯಬೇಕಾದರೆ ಎದುರಿನ ಮೂಳೆ ಕರಗಿ ದಾರಿ ಬಿಡಬೇಕು. ಮೂಳೆ ಕರಗಿಸುವ ಜೀವಕೋಶಗಳ ನೆಂಟರೇ ಬೇರನ್ನೂ ಕೆರೆಯುವುದು. ಅಲೆಂಡ್ರೊನೇಟ್ ಕೊಟ್ಟು ಅವನ್ನು ಕಟ್ಟಿಹಾಕಿದರೆ ಹಲ್ಲಿನ ಚಲನೆಯೂ ಕುಂಟುತ್ತದೆ. ಮೇಲಾಗಿ ಆ ಔಷಧ ವರ್ಷಗಟ್ಟಲೆ ಮೂಳೆಯಲ್ಲೇ ಕೂತಿರುತ್ತದೆ. ಥೈರಾಯ್ಡ್ ಚೆನ್ನಾಗಿರುವವರು ಥೈರಾಕ್ಸಿನ್ ನುಂಗಿದರೆ ಎದೆಬಡಿತ ಏರೀತು. ನೋವಿನ ಮಾತ್ರೆ ಐಬುಪ್ರೊಫೆನ್ ದಿನವೂ ತೆಗೆದುಕೊಂಡರೆ ಹಲ್ಲು ಸರಿಯುವುದು ನಿಧಾನವಾಗಬಹುದು. ತಂತಿ ಬಿಗಿ ಮಾಡಿದ ಒಂದೆರಡು ದಿನದ ನೋವಿಗೆ ಪ್ಯಾರಾಸಿಟಮಾಲ್ ಸಾಕು.

ನಮ್ಮ ಕೈಯಲ್ಲಿರುವುದು ಒತ್ತಡದ ಪ್ರಮಾಣ. ಮೇಲಿನ ಬಾಚಿಹಲ್ಲನ್ನು ಒಸಡಿನೊಳಕ್ಕೆ ಏರಿಸುವಾಗ ಬೇರಿನ ಚೂಪು ತುದಿಗೇ ಭಾರವೆಲ್ಲ ಬೀಳುತ್ತದೆ. ಅಲ್ಲಿ ಒಂದು ಹಲ್ಲಿಗೆ 10ರಿಂದ 20 ಗ್ರಾಂ ಒತ್ತಡ ಸಾಕು, ಅಂದರೆ ಹತ್ತು ರೂಪಾಯಿಯ ಎರಡು ನಾಣ್ಯಗಳ ತೂಕದಷ್ಟು. ಬೇಗ ಮುಗಿಸಿಕೊಡಿ ಎಂಬ ಅವಸರಕ್ಕೆ ತಂತಿ ಬಿಗಿದರೆ ಬೇರು ಸವೆಯುವ ಅಪಾಯ ಹೆಚ್ಚು.

ಎರಡನೆಯದು ಎಕ್ಸ್‌ರೇ. ಕ್ಲಿಪ್ ಹಾಕುವ ಮುನ್ನ ಒಮ್ಮೆ, 6ರಿಂದ 9 ತಿಂಗಳ ನಡುವೆ ಮತ್ತೊಮ್ಮೆ ಮೇಲಿನ ನಾಲ್ಕು ಬಾಚಿಹಲ್ಲುಗಳ ಚಿಕ್ಕ ಎಕ್ಸ್‌ರೇ ತೆಗೆಸಿ ಪಕ್ಕಪಕ್ಕ ಇಟ್ಟು ನೋಡಬೇಕು. ಈ ಎರಡನೇ ಎಕ್ಸ್‌ರೇಯನ್ನು ಬಿಟ್ಟುಬಿಡುವುದೂ ಉಂಟು. ಪೋಷಕರೇ ಕೇಳಿ ತೆಗೆಸಬೇಕು. ಸವೆತ ಕಂಡರೆ ಎರಡು ಮೂರು ತಿಂಗಳು ಒತ್ತಡವಿಲ್ಲದ ತಂತಿ ಹಾಕಿ ಹಲ್ಲಿಗೆ ವಿಶ್ರಾಂತಿ ಕೊಡುತ್ತಾರೆ. ಆ ಅವಧಿಯಲ್ಲಿ ಬೇರಿನ ಮೇಲಿನ ಗುಳಿಗಳು ಸಿಮೆಂಟಮ್ ಎಂಬ, ಬೇರಿನ ಹೊರಹೊದಿಕೆಯ ಪದರದಿಂದ ಮುಚ್ಚಿಕೊಳ್ಳತೊಡಗುತ್ತವೆ, ಆದರೆ ಕಳೆದುಹೋದ ಉದ್ದ ಮರಳುವುದಿಲ್ಲ. ಸುಮಾರು 13 ಮಿ.ಮೀ. ಬೇರಿನಲ್ಲಿ ಒಂದೆರಡು ಮಿ.ಮೀ. ಹೋದರೆ ಹಲ್ಲು ಅಲುಗಾಡುವುದಿಲ್ಲ, ಗಾಬರಿ ಬೇಡ. ಕ್ಲಿಪ್ ತೆಗೆದ ಮೇಲೆ ಸವೆತ ಸಾಮಾನ್ಯವಾಗಿ ನಿಲ್ಲುತ್ತದೆ.

ಹಿಂದೆಂದಾದರೂ ಬಿದ್ದು ಮುಂದಿನ ಹಲ್ಲಿಗೆ ಪೆಟ್ಟಾಗಿದ್ದರೆ ಮೊದಲ ಭೇಟಿಯಲ್ಲೇ ಹೇಳಿ. ಈಗೀಗ ಐವತ್ತು ದಾಟಿದವರೂ ಕ್ಲಿಪ್ ಹಾಕಿಸಿಕೊಳ್ಳುತ್ತಿದ್ದಾರೆ. ಮೂಳೆ ಸವೆತಕ್ಕೆಂದು ವಾರಕ್ಕೊಂದು ಮಾತ್ರೆ ನುಂಗುವವರು ಆ ಚೀಟಿಯನ್ನು ದಂತವೈದ್ಯರಿಗೆ ತೋರಿಸದೆ ತಂತಿ ಕಟ್ಟಿಸಿಕೊಳ್ಳಬಾರದು.

– ದಂತವೈದ್ಯರು, ದಾವಣಗೆರೆ