ಶಾಸಕರ ವರದಿಯಲ್ಲಿ ಕಡತ ಎಲ್ಲಿದೆ ಎಂಬುದೂ ಇರಲಿ

ಮಾನ್ಯ ಸಂಪಾದಕರೇ,

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಮುಗಿಯುತ್ತಲೇ ಈ ಭಾಗದ ಶಾಸಕರ ವರದಿಗಳು ಮೊಬೈಲಿಗೆ ಬರತೊಡಗುತ್ತವೆ. ಸದನದಲ್ಲಿ ಮಾತಾಡಿದ ವಿಡಿಯೊ, ಮಂಜೂರಾದ ಅನುದಾನದ ಮೊತ್ತ, ಗುದ್ದಲಿ ಪೂಜೆಯ ಫೋಟೊ ಅವುಗಳಲ್ಲಿ ಇರುತ್ತವೆ. ಜನರಿಗೆ ಲೆಕ್ಕ ಒಪ್ಪಿಸುವುದು ಒಳ್ಳೆಯ ರೂಢಿ, ಅದು ನಿಲ್ಲಬಾರದು. ಆದರೆ ಅದನ್ನು ಓದಿದ ರೈತನಿಗೆ ತನ್ನ ಕೆಲಸ ಯಾವ ಹಂತಕ್ಕೆ ಬಂದಿದೆ, ನಾಳೆ ಯಾವ ಕಚೇರಿಯ ಯಾವ ಟೇಬಲ್ಲಿಗೆ ಹೋಗಬೇಕು ಎಂಬುದು ತಿಳಿಯುವುದಿಲ್ಲ. ಬೆಳಗಾವಿ ಜಿಲ್ಲೆಯ 18, ವಿಜಯಪುರದ 8, ಬಾಗಲಕೋಟೆಯ 7 ಶಾಸಕರಲ್ಲಿ ವಿನಂತಿ ಇಷ್ಟೇ: ವರದಿಯಲ್ಲಿ ಮೊತ್ತದ ಪಕ್ಕದಲ್ಲಿ ಹಂತ ಮತ್ತು ದಿನಾಂಕವನ್ನೂ ಬರೆಯಿರಿ.

ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತವನ್ನೇ ತೆಗೆದುಕೊಳ್ಳೋಣ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಬೇಕಾದ ಜಮೀನಿಗೆ 2025ರ ಸೆಪ್ಟೆಂಬರ್ 16ರಂದು ಸಚಿವ ಸಂಪುಟ ದರ ನಿಗದಿ ಮಾಡಿತು. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ (ಮಳೆಯಾಶ್ರಿತ ಜಮೀನಿಗೆ) 30 ಲಕ್ಷ. ಕಾಲುವೆಗೆ ಹೋಗುವ ನೀರಾವರಿ ಜಮೀನಿಗೆ 30 ಲಕ್ಷ, ಖುಷ್ಕಿಗೆ 25 ಲಕ್ಷ. ಮುಳುಗಡೆಗೆ 75,563 ಎಕರೆ, ಕಾಲುವೆಗಳಿಗೆ 51,837 ಎಕರೆ, ಪುನರ್ವಸತಿಗೆ 6,467 ಎಕರೆ ಬೇಕು. ಊರೂರಿನ ಕಟ್ಟೆಗಳಲ್ಲಿ ಇದು ‘ಎಕರೆಗೆ ನಲವತ್ತು ಲಕ್ಷ ಬಂತು’ ಎಂದಾಯಿತು. ದರ ಗೊತ್ತಾಗಿದ್ದು ನಿಜ. ಹಣ ಖಾತೆಗೆ ಬೀಳುವ ಮುಂಚೆ ದಾಟಬೇಕಾದ ಮೆಟ್ಟಿಲುಗಳನ್ನು ಮಾತ್ರ ಯಾರೂ ವಿವರಿಸಿ ಹೇಳಲಿಲ್ಲ.

2013ರ ಭೂಸ್ವಾಧೀನ ಕಾಯ್ದೆಯಡಿ ಮೊದಲು ಕಲಂ 11(1)ರ ಪ್ರಾಥಮಿಕ ಅಧಿಸೂಚನೆ. ಅದಾದ 60 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಆಮೇಲೆ 19(1)ರ ಅಂತಿಮ ಘೋಷಣೆ, ಕೊನೆಗೆ ಐತೀರ್ಪು (ಯಾರಿಗೆ ಎಷ್ಟು ಪರಿಹಾರ ಎಂಬ ಆದೇಶ). 11(1) ಆಗಿ 12 ತಿಂಗಳಲ್ಲಿ 19(1) ಹೊರಬೀಳದಿದ್ದರೆ ಅಥವಾ 19(1) ಆಗಿ 12 ತಿಂಗಳಲ್ಲಿ ಐತೀರ್ಪು ಆಗದಿದ್ದರೆ, ಸರ್ಕಾರ ಅವಧಿ ವಿಸ್ತರಿಸದ ಹೊರತು ಪ್ರಕ್ರಿಯೆ ಬಿದ್ದುಹೋಗುತ್ತದೆ. ಮತ್ತೆ ಮೊದಲಿನಿಂದ ಶುರು. ಆದ್ದರಿಂದಲೇ ‘ಭೂಸ್ವಾಧೀನ ಪ್ರಗತಿಯಲ್ಲಿದೆ’ ಎಂಬ ಒಂದು ಸಾಲು ಯಾವ ಉಪಯೋಗಕ್ಕೂ ಬರುವುದಿಲ್ಲ. ಊರಿನ ಹೆಸರು, 11(1) ಆದ ದಿನ, 19(1) ಆದ ದಿನ, ಜಂಟಿ ಅಳತೆ (ಅಧಿಕಾರಿಗಳು ಒಟ್ಟಾಗಿ ಹೊಲಕ್ಕೆ ಬಂದು ಮಾಡುವ ಅಳತೆ) ಮುಗಿದಿದೆಯೋ ಇಲ್ಲವೋ ಎಂಬ ನಾಲ್ಕು ಕಾಲಮ್ಮಿನ ಪಟ್ಟಿ ಹಾಕಿದರೆ ಇಡೀ ಊರು ಓದಿಕೊಳ್ಳುತ್ತದೆ.

ಜಂಟಿ ಅಳತೆಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ರೈತ ಹೆಚ್ಚು ಕಳೆದುಕೊಳ್ಳುವುದು ಅಲ್ಲಿಯೇ. ಬಾವಿ, ಬೋರ್‌ವೆಲ್, ಪೈಪ್‌ಲೈನ್, ಗಿಡಮರ, ಮನೆ, ದನದ ಕೊಟ್ಟಿಗೆ ಇವೆಲ್ಲ ದಾಖಲಾಗುವುದು ಆ ದಿನ. ಹೊಲದಲ್ಲಿ ವರ್ಷಗಳಿಂದ ಕಬ್ಬು ನಿಂತಿರುತ್ತದೆ, ಪಹಣಿಯಲ್ಲಿ ಮಾತ್ರ ನೀರಾವರಿ ಮೂಲದ ಕಾಲಂ ಖಾಲಿ, ಬೆಳೆ ಕಾಲಮ್ಮಿನಲ್ಲಿ ಜೋಳ. ಕಾಗದದ ಪ್ರಕಾರ ಅದು ಖುಷ್ಕಿ. ಮುಳುಗಡೆ ಜಮೀನಿನಲ್ಲಿ ಈ ಒಂದು ಕಾಲಮ್ಮಿನ ಬೆಲೆ ಎಕರೆಗೆ 10 ಲಕ್ಷ ರೂಪಾಯಿ. ಬೆಳೆ ಸಮೀಕ್ಷೆಯ ದಾಖಲೆ, ಪಂಪ್‌ಸೆಟ್ಟಿನ ಆರ್‌ಆರ್ ನಂಬರ್, ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸಿದ ರಸೀದಿ ಹಿಡಿದು ಅಳತೆಯ ದಿನವೇ ಹಾಜರಿದ್ದು, ಮಹಜರಿನಲ್ಲಿ ಬರೆಸಿ, ಓದಿ ಸಹಿ ಮಾಡಬೇಕು. ಐತೀರ್ಪು ಆದ ಮೇಲೆ ಇದನ್ನು ತಿದ್ದಿಸುವುದು ಬಹಳ ಕಷ್ಟ.

ಇನ್ನೊಂದು ತೊಡಕು ಹೆಸರಿನದು. ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದ ಉತಾರೆಗಳು (ಪಹಣಿಗಳು) ನದಿದಂಡೆಯ ಹಳ್ಳಿಗಳಲ್ಲಿ ಸಾಕಷ್ಟಿವೆ. ಅಣ್ಣ ತಮ್ಮಂದಿರು ಬಾಯಿಮಾತಿನಲ್ಲಿ ವಾಟ್ನಿ (ಪಾಲು) ಮಾಡಿಕೊಂಡು ಬೇರೆ ಬೇರೆ ಉಳುತ್ತಿರುತ್ತಾರೆ, ಆ ಪಾಲನ್ನು ಗುರುತಿಸುವ 11ಇ ಸರ್ವೆ ನಕ್ಷೆ ಆಗಿರುವುದಿಲ್ಲ. ಹಕ್ಕಿನ ಬಗ್ಗೆ ತಕರಾರು ಬಂದರೆ ಪರಿಹಾರದ ಹಣ ಭೂಸ್ವಾಧೀನದ ತಕರಾರು ತೀರ್ಮಾನಿಸುವ ಪ್ರಾಧಿಕಾರದಲ್ಲಿ ಠೇವಣಿಯಾಗುತ್ತದೆ, ರೈತನ ಕೈಗೆ ಬರುವುದಿಲ್ಲ. ವಂಶಾವಳಿ, ಮರಣ ಪ್ರಮಾಣಪತ್ರ ಕೊಟ್ಟು ಪೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸುವ ಶಿಬಿರ ಯಾವ ಊರಲ್ಲಿ, ಯಾವ ವಾರ ಎಂದು ಶಾಸಕರ ವರದಿಯಲ್ಲಿ ಎರಡು ಸಾಲು ಬಂದರೆ ಅದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ.

ಅಣೆಕಟ್ಟೆಯ ಎತ್ತರದ ವಿಷಯವನ್ನೂ ಬಿಡಿಸಿ ಹೇಳಬೇಕು. ರಾಜ್ಯಗಳಿಗೆ ಕೃಷ್ಣಾ ನೀರು ಹಂಚುವ ಎರಡನೇ ನ್ಯಾಯಮಂಡಳಿ 2010ರಲ್ಲಿ ತೀರ್ಪು ಕೊಟ್ಟಿತು, 2013ರಲ್ಲಿ ಹೆಚ್ಚುವರಿ ವರದಿ ನೀಡಿತು. ಆ ತೀರ್ಪು ಜಾರಿಗೆ ಬರಲು ಬೇಕಾದ ಕೇಂದ್ರದ ಗೆಜೆಟ್ ಅಧಿಸೂಚನೆಯ ವಿಷಯ ಸುಪ್ರೀಂ ಕೋರ್ಟಿನಲ್ಲಿ ಸಿಲುಕಿತು. ಗೇಟು ಏರಿಸುವುದು ದೆಹಲಿಯ ಮಾತು. ಜಮೀನಿನ ಅಳತೆ, ಪೌತಿ, ಐತೀರ್ಪು ಇಲ್ಲಿಯ ಕಚೇರಿಗಳ ಕೆಲಸ. ಎರಡನ್ನೂ ಬೆರೆಸಿ ‘ಕೇಂದ್ರ ಅಡ್ಡಿ’, ‘ರಾಜ್ಯ ವಿಳಂಬ’ ಎಂದು ಪಕ್ಷಕ್ಕೊಂದರಂತೆ ಹೇಳಿದರೆ ಸಂತ್ರಸ್ತನಿಗೆ ಯಾರನ್ನು ಕೇಳಬೇಕೆಂಬುದೇ ತಿಳಿಯದು.

ಸದನದ ಪ್ರಶ್ನೆಗಳ ವಿಷಯಕ್ಕೆ ಬರೋಣ. ಶಾಸಕರು ಇಂತಿಷ್ಟು ಪ್ರಶ್ನೆ ಕೇಳಿದರು ಎಂಬ ಲೆಕ್ಕಕ್ಕಿಂತ ಪ್ರಶ್ನೆಯ ರಚನೆ ಮುಖ್ಯ. ಉತ್ತರದ ಹಾಳೆ ನೋಡಿದವರಿಗೆ ಗೊತ್ತು: ಎಡಗಡೆ ಅ, ಆ, ಇ ಎಂದು ಪ್ರಶ್ನೆ, ಬಲಗಡೆ ಉತ್ತರ. ‘ಸರ್ಕಾರದ ಗಮನಕ್ಕೆ ಬಂದಿದೆಯೇ’ ಎಂದು ಆರಂಭಿಸಿದರೆ ‘ಬಂದಿರುವುದಿಲ್ಲ’ ಎಂಬ ಒಂದೇ ಮಾತಿಗೆ ಕೆಳಗಿನ ಎಲ್ಲ ಸಾಲುಗಳಿಗೂ ‘ಉದ್ಭವಿಸುವುದಿಲ್ಲ’ ಎಂಬ ಉತ್ತರ ಬೀಳುತ್ತದೆ. ಅದರ ಬದಲು ‘ಬೀಳಗಿ ತಾಲ್ಲೂಕಿನಲ್ಲಿ 19(1) ಆದ ಗ್ರಾಮಗಳು ಯಾವುವು, ಪ್ರತಿ ಗ್ರಾಮದ ವಿಸ್ತೀರ್ಣ ಎಷ್ಟು, ಐತೀರ್ಪಿಗೆ ಬಾಕಿ ಎಷ್ಟು (ಗ್ರಾಮವಾರು ಮಾಹಿತಿ ನೀಡುವುದು)’ ಎಂದು ಕೇಳಿದರೆ ಇಲಾಖೆ ಅನುಬಂಧ ಕೊಡಲೇಬೇಕಾಗುತ್ತದೆ. ‘ಅನುದಾನದ ಲಭ್ಯತೆ ಮೇರೆಗೆ ಪರಿಶೀಲಿಸಲಾಗುವುದು’ ಎಂಬ ಉತ್ತರವನ್ನು ಮಂಜೂರಾತಿ ಎಂದು ವರದಿಯಲ್ಲಿ ಬರೆಯುವುದು ಜನರಿಗೆ ತಪ್ಪು ಭರವಸೆ ಕೊಟ್ಟಂತೆ. ಸಚಿವರು ಸದನದಲ್ಲಿ ಖಚಿತ ಮಾತು ಕೊಟ್ಟಿದ್ದರೆ ಅದರ ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ವರದಿಯಲ್ಲಿ ಪ್ರಶ್ನೆಯ ಸಂಖ್ಯೆ, ಉತ್ತರಿಸಿದ ದಿನಾಂಕ ಇದ್ದರೆ ವಿಧಾನಸಭೆಯ ಜಾಲತಾಣದಲ್ಲಿ ಯಾರು ಬೇಕಾದರೂ ಮೂಲ ಉತ್ತರ ತೆಗೆದು ನೋಡಬಹುದು.

ರಸ್ತೆ, ಚರಂಡಿ, ಶಾಲಾ ಕೊಠಡಿಗೂ ಇದೇ ಮಾತು. ಬಜೆಟ್ ಘೋಷಣೆ, ಆಡಳಿತಾತ್ಮಕ ಅನುಮೋದನೆ, ಅಂದಾಜು ಪಟ್ಟಿಗೆ ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಇವು ಬೇರೆ ಬೇರೆ. ಕಾರ್ಯಾದೇಶಕ್ಕೆ ಮುಂಚೆ ಪೂಜೆ ಮಾಡಿದ ಕಾಮಗಾರಿ ವರ್ಷಗಟ್ಟಲೆ ನಿಂತರೆ ಆಶ್ಚರ್ಯವಿಲ್ಲ. ಮುಗಿದ ರಸ್ತೆಗೆ ದೋಷ ಹೊಣೆಗಾರಿಕೆ ಅವಧಿ (ಕೆಟ್ಟರೆ ಗುತ್ತಿಗೆದಾರನೇ ಸರಿಪಡಿಸಬೇಕಾದ ಅವಧಿ) ಎಂದಿನವರೆಗೆ ಎಂದು ಬರೆದರೆ ಗುಂಡಿ ಬಿದ್ದಾಗ ಗುತ್ತಿಗೆದಾರನಿಂದಲೇ ದುರಸ್ತಿ ಮಾಡಿಸಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಶಾಸಕರ ಸ್ವಂತ ಕೈಯಲ್ಲಿರುವ ಕೆಲಸ. ತಾಲ್ಲೂಕಿನ ತ್ರೈಮಾಸಿಕ ಕೆಡಿಪಿ (ಇಲಾಖೆಗಳ ಪ್ರಗತಿ ಪರಿಶೀಲನಾ) ಸಭೆಗೆ, ಸಾಗುವಳಿ ಮಾಡಿದ ಸರ್ಕಾರಿ ಜಮೀನನ್ನು ಸಕ್ರಮಗೊಳಿಸುವ ಬಗರ್ ಹುಕುಂ ಸಮಿತಿಗೆ, ಕೊಳವೆಬಾವಿ ಕೊರೆಸಿಕೊಡುವ ಗಂಗಾ ಕಲ್ಯಾಣ ಯೋಜನೆಯ ಫಲಾನುಭವಿಗಳ ಆಯ್ಕೆ ಸಮಿತಿಗೆ ಅವರೇ ಅಧ್ಯಕ್ಷರು. ಬಗರ್ ಹುಕುಂ ಸಮಿತಿ ಸಭೆ ಸೇರದಿದ್ದರೆ ಸಕ್ರಮಕ್ಕಾಗಿ ಕೊಟ್ಟ ನಮೂನೆ 57ರ ಅರ್ಜಿ ತಹಶೀಲ್ದಾರ್ ಕಚೇರಿಯಿಂದ ಮುಂದೆ ಹೋಗುವುದಿಲ್ಲ, ಅದಕ್ಕೆ ಬೆಂಗಳೂರನ್ನೂ ದೆಹಲಿಯನ್ನೂ ದೂರುವಂತಿಲ್ಲ. ಗಂಗಾ ಕಲ್ಯಾಣದಲ್ಲಿ ಕೊಳವೆಬಾವಿ ಕೊರೆದ ದಿನ ಕೆಲಸ ಮುಗಿಯುವುದಿಲ್ಲ. ಪಂಪು, ಮೋಟಾರು ಕೂಡಿಸಿ ವಿದ್ಯುತ್ ಸಂಪರ್ಕ ಕೊಟ್ಟು ನೀರು ಹೊಲಕ್ಕೆ ಹರಿಯಬೇಕು. ಕೊರೆದವು ಎಷ್ಟು, ಕರೆಂಟು ಬಂದವು ಎಷ್ಟು ಎಂದು ಎರಡು ಅಂಕಿ ಬೇರೆ ಬೇರೆ ಕೊಡಲಿ. ವರ್ಷಕ್ಕೆ 2 ಕೋಟಿಯ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಯಾವ ಕೆಲಸಕ್ಕೆ ಶಿಫಾರಸು ಹೋಯಿತು, ಜಿಲ್ಲಾಧಿಕಾರಿ ಕಚೇರಿಯಿಂದ ಹಣ ಬಿಡುಗಡೆಯಾಯಿತೇ ಎಂಬುದೂ ಅದರಲ್ಲಿ ಇರಲಿ.

ಇದಕ್ಕೆ ಹೊಸ ಖರ್ಚು ಬೇಕಿಲ್ಲ. ಕೆಡಿಪಿ ಸಭೆಗೆ ಇಲಾಖೆಗಳು ಪ್ರಗತಿ ವರದಿಯನ್ನು ಹೇಗೂ ತಯಾರಿಸಿ ತರುತ್ತವೆ. ಸಭೆಯ ನಡಾವಳಿಯನ್ನು ವಾರದೊಳಗೆ ತಾಲ್ಲೂಕು ಪಂಚಾಯಿತಿಯ ಫಲಕಕ್ಕೆ, ಗ್ರಾಮ ಪಂಚಾಯಿತಿಗಳಿಗೆ ಮತ್ತು ಶಾಸಕರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳಿಸಲು ಅಧ್ಯಕ್ಷರಾದ ಶಾಸಕರು ಸೂಚಿಸಿದರೆ ಸಾಕು. ಮುಂದಿನ ತ್ರೈಮಾಸಿಕ ಸಭೆಯಿಂದಲೇ ಇದನ್ನು ಆರಂಭಿಸಲಿ.

— ಓದುಗರು, ಬೀಳಗಿ, ಬಾಗಲಕೋಟೆ ಜಿಲ್ಲೆ