ವಿಜ್ಞಾನ ಪುನರಾವರ್ತನೆ: ಏಳನೇ ತರಗತಿಯ ಗುಂಪಿಗೆ ಸೂಚನೆ

ಪೋಷಕರ ಹಾಗೂ ವಿದ್ಯಾರ್ಥಿಗಳ ಗಮನಕ್ಕೆ: ಸೋಮವಾರದ ವಿಜ್ಞಾನದ ಅವಧಿಯಲ್ಲಿ ಸಾಂದ್ರತೆ ಮತ್ತು ಭೌತ, ರಾಸಾಯನಿಕ ಬದಲಾವಣೆಗಳ ಪುನರಾವರ್ತನೆ ನಡೆಯಲಿದೆ.

ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಎಂಬುದು ಎಲ್ಲರಿಗೂ ಬಾಯಿಪಾಠವಾಗಿದೆ. ಲೆಕ್ಕ ಮಾಡುವಾಗ ಮಾತ್ರ ಏಕಮಾನ ಬಿಟ್ಟುಹೋಗುತ್ತಿದೆ. ಅಳತೆ ಸಿಲಿಂಡರಿನಲ್ಲಿ 50 ಮಿಲಿಲೀಟರ್ ನೀರಿದ್ದು, 54 ಗ್ರಾಂ ತೂಗುವ ಕಲ್ಲನ್ನು ಮುಳುಗಿಸಿದಾಗ ನೀರಿನ ಮಟ್ಟ 70ಕ್ಕೆ ಏರಿದರೆ, ಕಲ್ಲಿನ ಗಾತ್ರ 20 ಘನ ಸೆಂಟಿಮೀಟರ್, ಸಾಂದ್ರತೆ ಪ್ರತಿ ಘನ ಸೆಂಟಿಮೀಟರಿಗೆ 2.7 ಗ್ರಾಂ. ಕಲ್ಲನ್ನು ಎರಡು ಹೋಳು ಮಾಡಿದರೂ ಈ ಬೆಲೆ ಬದಲಾಗದು; ಅರ್ಧವಾಗುತ್ತದೆಂದು ಬರೆಯುವವರು ಈಗಲೂ ಇದ್ದಾರೆ.

ಮೊದಲಿನ ಸ್ಥಿತಿಗೆ ತರಲಾಗದ್ದೆಲ್ಲ ರಾಸಾಯನಿಕ ಬದಲಾವಣೆ ಎಂಬ ಗೈಡುಗಳ ಸುಲಭಸೂತ್ರವನ್ನು ದಯವಿಟ್ಟು ನೆಚ್ಚಿಕೊಳ್ಳಬೇಡಿ. ಹರಿದ ಕಾಗದವಾಗಲಿ ಬೀಸಿದ ರಾಗಿಯಾಗಲಿ ಮತ್ತೆ ಮೊದಲಿನಂತಾಗುವುದಿಲ್ಲ. ಆದರೆ ಹೊಸ ವಸ್ತು ಹುಟ್ಟದ ಕಾರಣ ಅವು ಭೌತ ಬದಲಾವಣೆಗಳೇ. ತುಪ್ಪ ಕರಗುವುದು ಭೌತ, ಹಾಲು ಹೆಪ್ಪಾಗಿ ಮೊಸರಾಗುವುದು ರಾಸಾಯನಿಕ. ಆರತಿ ತಟ್ಟೆಯ ನೀರು ಅರಿಶಿನಕ್ಕೆ ಸುಣ್ಣ ಬೆರೆತೊಡನೆ ಕೆಂಪಾಗುವುದೂ ರಾಸಾಯನಿಕ ಬದಲಾವಣೆಯೇ. ಅದನ್ನು ಮನೆಯಲ್ಲಿ ಹಿರಿಯರ ಎದುರಿನಲ್ಲಿಯೇ ಮಾಡಿ ನೋಡಬೇಕು, ಏಕೆಂದರೆ ಸುಣ್ಣ ಕಣ್ಣಿಗೆ ತಾಗಬಾರದು. ಉರಿಯುವ ಮೇಣದಬತ್ತಿಯ ಪ್ರಶ್ನೆಗೆ ಒಂದೇ ಪದದ ಉತ್ತರ ಸಾಲದು: ಮೇಣ ಕರಗಿ ಆವಿಯಾಗುವುದು ಭೌತ, ಆ ಆವಿ ಉರಿದು ಇಂಗಾಲದ ಡೈಆಕ್ಸೈಡ್ ಹಾಗೂ ನೀರಾವಿ ಉಂಟಾಗುವುದು ರಾಸಾಯನಿಕ.

ಸಂದೇಹಗಳನ್ನು ಭಾನುವಾರ ಸಂಜೆಯೊಳಗೆ ಇದೇ ಗುಂಪಿನಲ್ಲಿ ಬರೆದು ತಿಳಿಸಬೇಕಾಗಿ ಕೋರಿಕೆ.