ಹಸಿವೇ ಆಗದವರ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಆರೋಗ್ಯ ಪುಟವನ್ನು ನಾನು ವರ್ಷಗಳಿಂದ ಓದುತ್ತಿದ್ದೇನೆ. ತೂಕ ಇಳಿಸುವುದು ಹೇಗೆ, ಹೊಟ್ಟೆ ಕರಗಿಸುವುದು ಹೇಗೆ, ಬಾಯಿ ಕಟ್ಟುವುದು ಹೇಗೆ ಎಂದು ಎಷ್ಟೋ ಲೇಖನಗಳು ಬಂದಿವೆ. ಅವು ಬೇಡ ಅನ್ನುತ್ತಿಲ್ಲ. ಆದರೆ ತಟ್ಟೆ ಮುಂದೆ ಕೂತು ಒಂದು ತುತ್ತೂ ಒಳಗೆ ಇಳಿಯದೆ ಒದ್ದಾಡುವವರ ಬಗ್ಗೆ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಕಳೆದ ವಾರದ ಲೇಖನದಲ್ಲಿ 'ಚಿಂತೆ ಬಿಟ್ಟರೆ ಹೊಟ್ಟೆ ತಾನಾಗಿಯೇ ಸರಿಹೋಗುತ್ತದೆ' ಎಂದು ಓದಿದೆ. ಆ ಒಂದು ಸಾಲಿಗಾಗಿ ಈ ಪತ್ರ.

ನನಗೆ 41 ವರ್ಷ. ಕೋರ್ಟಿನಲ್ಲಿ ಸ್ಟೆನೋಗ್ರಾಫರ್. ಸಾಕ್ಷಿ ಹೇಳಿದ್ದು ನನ್ನ ಬೆರಳಿನಿಂದ ದಾಖಲೆಯಾಗುತ್ತದೆ. ವಿಚಾರಣೆ ನಡೆಯುವಾಗ ನಾನು ಎದ್ದು ಹೋಗುವ ಹಾಗಿಲ್ಲ. ನಾನು ಎದ್ದರೆ ಎಲ್ಲರೂ ಕಾಯಬೇಕು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನ ಹೊಟ್ಟೆಯ ಕಥೆ ಆ ಕುರ್ಚಿಯಿಂದ ಬೇರೆ ಅಲ್ಲ.

ಆರು ವರ್ಷದ ಹಿಂದೆ ಅಪ್ಪ ಆಸ್ಪತ್ರೆಯಲ್ಲಿದ್ದರು. ಅದೇ ತಿಂಗಳು ನನಗೆ ಹೊಟ್ಟೆಯ ಸೋಂಕು ಆಯಿತು. ಒಂದು ವಾರ ವಾಂತಿ, ಭೇದಿ. ಸೋಂಕು ಹೋಯಿತು, ಆದರೆ ಹೊಟ್ಟೆ ಮೊದಲಿನ ಹಾಗೆ ಆಗಲೇ ಇಲ್ಲ. ಇಂಥ ಸೋಂಕು ಬಂದು ಹೋದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಕರುಳಿನ ತೊಂದರೆ ಹೀಗೆ ಉಳಿದುಬಿಡುತ್ತದಂತೆ. ಆ ಹೊತ್ತಿನಲ್ಲಿ ಮನಸ್ಸಿಗೂ ಕಷ್ಟ ಇದ್ದರೆ ಸಾಧ್ಯತೆ ಇನ್ನೂ ಜಾಸ್ತಿ. ನನಗೆ ಇದು ಗೊತ್ತಾಗಿದ್ದು ಬಹಳ ತಡವಾಗಿ.

ಒಂದು ದಿನ ವಯಸ್ಸಾದ ಒಬ್ಬ ಹೆಂಗಸು ಸಾಕ್ಷಿ ಹೇಳುತ್ತಿದ್ದರು. ಪಾಟೀಸವಾಲು ನಡೆಯುತ್ತಿತ್ತು. ಇದ್ದಕ್ಕಿದ್ದ ಹಾಗೆ ಹೊಕ್ಕುಳ ಕೆಳಗೆ ಕಿವುಚಿದಂತಾಯಿತು. ಬೆವರು ಬಂತು, ಆದರೆ ಕೈ ತಣ್ಣಗೆ. ಬೆರಳು ಕೀ ಮೇಲೆ ಜಾರುತ್ತಿತ್ತು. ಕಿವಿ ಸಾಕ್ಷಿಯ ಕಡೆ ಇರಬೇಕಿತ್ತು, ಅದು ಪೂರ್ತಿ ನನ್ನ ಹೊಟ್ಟೆಯ ಕಡೆಗಿತ್ತು. ಬಾಗಿಲಿಗೆ ಎಷ್ಟು ಹೆಜ್ಜೆ, ಅಲ್ಲಿಂದ ಶೌಚಾಲಯಕ್ಕೆ ಎಷ್ಟು ಹೆಜ್ಜೆ, ಅದೇ ಲೆಕ್ಕ. ಕೊನೆಯಲ್ಲಿ ಹೇಳಿಕೆಯನ್ನು ಓದಿ ಹೇಳಿದಾಗ ಆ ಅಮ್ಮ, 'ನಾನು ಇಲ್ಲ ಅಂದಿದ್ದೆನಲ್ಲಾ' ಅಂದರು. ಅವರು 'ಇಲ್ಲ' ಅಂದಿದ್ದನ್ನು ನಾನು ಬಿಟ್ಟಿದ್ದೆ. ಅಲ್ಲೇ ತಿದ್ದಿದೆವು, ಯಾರಿಗೂ ಏನೂ ತೊಂದರೆ ಆಗಲಿಲ್ಲ. ಆದರೆ ಆ ಒಂದು ಪದ ನನ್ನನ್ನು ಎಷ್ಟೋ ರಾತ್ರಿ ಮಲಗಲು ಬಿಡಲಿಲ್ಲ.

ಮಾರನೇ ದಿನದಿಂದ ಕೋರ್ಟಿಗೆ ಹೋಗುವ ಮೊದಲು ತಿನ್ನುವುದನ್ನು ಬಿಟ್ಟೆ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಅದು ಗಲಾಟೆ ಮಾಡುವುದಿಲ್ಲ ಎಂದುಕೊಂಡೆ. ಮೊದಲ ಎರಡು ವಾರ ನಿಜವಾಗಿಯೂ ಹಾಗೇ ಅನ್ನಿಸಿತು. ಆಮೇಲೆ ಮಧ್ಯಾಹ್ನದ ಡಬ್ಬಿಯೂ ತೆರೆಯದೆ ವಾಪಸ್ ಬರತೊಡಗಿತು. ಸಂಜೆ ಮನೆಗೆ ಬಂದಾಗ ಹಸಿವಾಗಬೇಕಿತ್ತು, ಅಲ್ವಾ? ಆಗುತ್ತಿರಲಿಲ್ಲ. ನಾಲ್ಕು ತುತ್ತಿಗೇ ಹೊಟ್ಟೆ ಕಲ್ಲಿನಂತೆ ಆಗುತ್ತಿತ್ತು. ತೇಗು, ಉಬ್ಬರ, ಓಕರಿಕೆ. ತಿಂದರೆ ಹೀಗಾಗುತ್ತದೆ ಎಂದು ಭಯ. ಭಯಕ್ಕೆ ಗಂಟಲು ಕಟ್ಟುವುದು. ಕಟ್ಟಿದ ಗಂಟಲಲ್ಲಿ ತಿಂದರೆ ಮತ್ತೆ ಓಕರಿಕೆ. ಏಳು ತಿಂಗಳಲ್ಲಿ 58 ಕಿಲೋ ಇದ್ದವಳು 51ಕ್ಕೆ ಬಂದೆ.

ಆಗ ಸಿಕ್ಕ ಮಾತುಗಳನ್ನು ಇಲ್ಲಿ ಬರೆಯಲೇಬೇಕು. 'ಎಷ್ಟು ತೆಳ್ಳಗಾಗಿದ್ದೀರಿ! ಏನು ಮಾಡಿದಿರಿ, ನಮಗೂ ಹೇಳಿ.' ಒಬ್ಬರಲ್ಲ, ಐದಾರು ಜನ ಕೇಳಿದರು. ಅವರಲ್ಲಿ ಯಾರೂ ಕೆಟ್ಟವರಲ್ಲ, ಪ್ರೀತಿಯಿಂದಲೇ ಕೇಳಿದ್ದು. ಆದರೆ ಸೊರಗುತ್ತಿರುವ ಮನುಷ್ಯರಿಗೆ ಶಹಬ್ಬಾಸ್ ಹೇಳಿದರೆ ಅವರು ತಮ್ಮ ಕಷ್ಟ ಹೇಳಿಕೊಳ್ಳುವುದು ಹೇಗೆ? ನಾನು ನಕ್ಕು ಸುಮ್ಮನಾಗುತ್ತಿದ್ದೆ. ಪ್ರಯತ್ನ ಮಾಡದೆಯೇ ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕದ ನೂರಕ್ಕೆ ಐದರಷ್ಟು ಇಳಿದರೆ ವೈದ್ಯರು ಅದನ್ನು ಎಚ್ಚರಿಕೆ ಎಂದು ನೋಡುತ್ತಾರೆ. ನನ್ನದು ನೂರಕ್ಕೆ ಹನ್ನೆರಡು ಇಳಿದಿತ್ತು.

ಮೊದಲು ನೋಡಿದ ವೈದ್ಯರು ರಿಪೋರ್ಟ್ ತಿರುಗಿಸಿ, 'ಎಲ್ಲಾ ನಾರ್ಮಲ್, ಟೆನ್ಷನ್ ಮಾಡಿಕೊಳ್ಳಬೇಡಿ' ಎಂದರು. ಎರಡು ನಿಮಿಷವೂ ಆಗಿರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ನಾರ್ಮಲ್ ಆಗಿದ್ದರೆ ನನಗೆ ಯಾಕೆ ಹೀಗೆ? ಸುಮ್ನೆ ನಾಟಕ ಮಾಡುತ್ತಿದ್ದೇನಾ? ಆ ಅನುಮಾನ ಹೊಟ್ಟೆನೋವಿಗಿಂತ ಕೆಟ್ಟದ್ದು.

ಎರಡನೆಯ ವೈದ್ಯರು ಅವಸರ ಮಾಡಲಿಲ್ಲ. ಆ ರಿಪೋರ್ಟ್‌ಗಳಲ್ಲಿ ಇಲ್ಲದ ಪರೀಕ್ಷೆಗಳನ್ನು ಮೊದಲು ಬರೆದುಕೊಟ್ಟರು. ಥೈರಾಯ್ಡ್, ಸೀಲಿಯಾಕ್ (ಗೋಧಿಯಂಥ ಧಾನ್ಯದ ಗ್ಲುಟೆನ್ ಕರುಳಿಗೆ ಆಗದ ಕಾಯಿಲೆ), ಮಲದಲ್ಲಿ ಉರಿಯೂತದ ಗುರುತು, ಎಂಡೋಸ್ಕೋಪಿ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ತೂಕ ಇಳಿಯುತ್ತದೆ, ಭೇದಿ ಆಗುತ್ತದೆ. ಹೊರಗಿನಿಂದ ನೋಡಿದರೆ ಆತಂಕದ ಹಾಗೆಯೇ. ಅದಕ್ಕೇ ಪರೀಕ್ಷೆ ಮಾಡದೆ ಟೆನ್ಷನ್ ಅನ್ನಬಾರದು. ಹೊಟ್ಟೆ ಹುಣ್ಣಿಗೂ ಟೆನ್ಷನ್ನೇ ಕಾರಣ ಎಂದು ದಶಕಗಳ ಕಾಲ ಹೇಳುತ್ತಿದ್ದರು. ಬಹುಪಾಲು ಹುಣ್ಣಿನ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆ ಎಂದು ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ತೋರಿಸಿದರು, 2005ರಲ್ಲಿ ಅದಕ್ಕೆ ನೊಬೆಲ್ ಬಂತು. ಮಲದಲ್ಲಿ ರಕ್ತ, ನುಂಗಲು ಕಷ್ಟ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ಕಾರಣವಿಲ್ಲದೆ ಇಳಿಯುವ ತೂಕ, ಇವುಗಳಲ್ಲಿ ಯಾವುದು ಇದ್ದರೂ ದಯವಿಟ್ಟು ಕಾಯಬೇಡಿ. ನಾನು ಏಳು ತಿಂಗಳು ಕಾದಿದ್ದು ತಪ್ಪು.

ನನ್ನ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಆಗ ಅವರು ಒಂದು ಹಾಳೆ ತೆಗೆದು ಮೇಲೊಂದು ಸೊನ್ನೆ, ಕೆಳಗೊಂದು ಸೊನ್ನೆ ಬರೆದರು. ಮಿದುಳು, ಕರುಳು. ಕರುಳಿನ ಗೋಡೆಯಲ್ಲೇ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ ಎಂದರು. ಎರಡು ಸೊನ್ನೆಗಳ ನಡುವೆ ವೇಗಸ್ ಎಂಬ ನರ. ಅದರ ಎಳೆಗಳಲ್ಲಿ ಸುಮಾರು ನೂರಕ್ಕೆ ಎಂಬತ್ತು ಸುದ್ದಿಯನ್ನು ಕೆಳಗಿನಿಂದ ಮೇಲಕ್ಕೆ ಒಯ್ಯುತ್ತವೆ. ಅವರು ಮೇಲ್ಮುಖವಾಗಿ ನಾಲ್ಕು ಬಾಣ, ಕೆಳಮುಖವಾಗಿ ಒಂದು ಬಾಣ ಹಾಕಿದರು. ಆ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ. ನಾನು ಭಯಪಟ್ಟಿದ್ದಕ್ಕೆ ಹೊಟ್ಟೆ ಕೆಟ್ಟಿತು ಎಂದು ಎಲ್ಲರೂ ಹೇಳುತ್ತಿದ್ದರು. ಹೊಟ್ಟೆ ಕೆಟ್ಟಿದ್ದಕ್ಕೂ ಭಯ ಹುಟ್ಟಬಹುದು ಎಂದು ಹೇಳಿದ್ದು ಅವರೊಬ್ಬರೇ.

ಹೆದರಿಕೆಯ ಹಾರ್ಮೋನುಗಳು ಜಠರವನ್ನು ನಿಧಾನ ಮಾಡುತ್ತವೆ, ದೊಡ್ಡ ಕರುಳನ್ನು ಅವಸರಕ್ಕೆ ತಳ್ಳುತ್ತವೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದೂ, ಅದೇ ಹೊತ್ತಿಗೆ ಶೌಚಕ್ಕೆ ಓಡುವುದೂ ಒಟ್ಟಿಗೆ ಯಾಕೆ ಎಂದು ನನಗೆ ಆಗ ಅರ್ಥವಾಯಿತು. 1890ರ ದಶಕದ ಕೊನೆಯಲ್ಲಿ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿ ಆಗಷ್ಟೇ ಬಂದಿದ್ದ ಎಕ್ಸ್‌ರೇಯಲ್ಲಿ ಬೆಕ್ಕಿನ ಜಠರ ನೋಡುತ್ತಿದ್ದರಂತೆ. ಬೆಕ್ಕು ಗಾಬರಿಯಾದರೆ ಜಠರದ ಅಲುಗಾಟ ನಿಂತುಹೋಗುತ್ತಿತ್ತು. ಸಮಾಧಾನವಾದರೆ ಮತ್ತೆ ಶುರು. ಬೆಕ್ಕಿಗೆ ಯಾರೂ 'ಎಲ್ಲಾ ನಿನ್ನ ಕಲ್ಪನೆ' ಅನ್ನುವುದಿಲ್ಲ. ನಮ್ಮ ಮಾತಿನಲ್ಲೂ ಇದು ಮೊದಲಿಂದ ಇದೆಯಲ್ಲ. ಕರುಳು ಚುರ್ ಅಂದಿತು ಅನ್ನುತ್ತೇವೆ, ಹೊಟ್ಟೆ ತಳಮಳ ಅನ್ನುತ್ತೇವೆ, ಸಂಕಟ ಅನ್ನುವ ಒಂದೇ ಪದವನ್ನು ಮನಸ್ಸಿಗೂ ಹೊಟ್ಟೆಗೂ ಬಳಸುತ್ತೇವೆ.

2016ರಿಂದ ತಜ್ಞರು ಪರೀಕ್ಷೆಯಲ್ಲಿ ಏನೂ ಸಿಗದ ಇಂಥ ಹೊಟ್ಟೆಯ ತೊಂದರೆಗಳನ್ನು ಕರುಳು ಮತ್ತು ಮಿದುಳಿನ ನಡುವಿನ ಹೊಂದಾಣಿಕೆಯ ತೊಂದರೆಗಳು ಎಂದೇ ಕರೆಯುತ್ತಿದ್ದಾರೆ. 2021ರಲ್ಲಿ ಪ್ರಕಟವಾದ, 33 ದೇಶಗಳ 73,000ಕ್ಕೂ ಹೆಚ್ಚು ಜನರ ಸಮೀಕ್ಷೆಯಲ್ಲಿ, ಇಂಟರ್ನೆಟ್ ಮೂಲಕ ಉತ್ತರಿಸಿದವರ ಪೈಕಿ ನೂರಕ್ಕೆ ನಲವತ್ತು ಜನರಿಗೆ ಇಂಥ ಒಂದಾದರೂ ತೊಂದರೆ ಇತ್ತು. ಇಷ್ಟು ಜನ ಇದ್ದೇವೆ, ಆದರೂ ಪ್ರತಿಯೊಬ್ಬರೂ ತಾವೊಬ್ಬರೇ ಅಂದುಕೊಂಡಿದ್ದೇವೆ.

ಈಗ ನಾನು ಹೇಗಿದ್ದೇನೆ ಎಂದು ಹೇಳುತ್ತೇನೆ. ಹಸಿವಾಗಲಿ ಎಂದು ಕಾಯುವುದನ್ನು ಬಿಟ್ಟಿದ್ದೇನೆ. ನನ್ನ ಪಾಲಿಗೆ ಇದೇ ದೊಡ್ಡ ತಿರುವು. ತುಂಬಾ ದಿನ ಸರಿಯಾಗಿ ತಿನ್ನದಿದ್ದರೆ ಹಸಿವಿನ ಸೂಚನೆಯೇ ಮಂಕಾಗುತ್ತದೆ, ಅದನ್ನು ಕಾಯುತ್ತಾ ಕೂತರೆ ಬರುವುದಿಲ್ಲ. ಹಾಗಾಗಿ ಗಡಿಯಾರ ನೋಡಿ ತಿನ್ನುತ್ತೇನೆ. ಮೂರು ಗಂಟೆಗೊಮ್ಮೆ, ಸಣ್ಣ ತಟ್ಟೆಯಲ್ಲಿ, ಸ್ವಲ್ಪವೇ. ತುಂಬಿದ ತಟ್ಟೆ ಕಂಡರೆ ಮೊದಲೇ ಎದೆ ಹೊಡೆದುಕೊಳ್ಳುತ್ತಿತ್ತು, ಸಣ್ಣ ತಟ್ಟೆಗೆ ಅಷ್ಟು ಹೆದರಿಕೆ ಆಗುವುದಿಲ್ಲ. ತಿನ್ನುವ ಮೊದಲು ಐದು ನಿಮಿಷ ಹೊಟ್ಟೆ ಮೇಲೆ ಕೈ ಇಟ್ಟು ನಿಧಾನ ಉಸಿರಾಡುತ್ತೇನೆ, ನಿಮಿಷಕ್ಕೆ ಸುಮಾರು ಆರು ಉಸಿರು. ಉಸಿರು ಬಿಡುವುದು ಎಳೆಯುವುದಕ್ಕಿಂತ ಉದ್ದ. ಮೊದಮೊದಲು ಇದರಿಂದ ಏನಾಗುತ್ತದೆ ಅನ್ನಿಸಿತ್ತು. ಮೂರು ವಾರವಾದ ಮೇಲೆ ಒಂದು ದಿನ, ಮೊದಲ ತುತ್ತು ಗಂಟಲಲ್ಲಿ ನಿಲ್ಲದೆ ಇಳಿಯಿತು.

ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಖಾಲಿ ಹೊಟ್ಟೆಯ ನಡುಕ, ಭಯದ ನಡುಕ ಎರಡೂ ಒಂದೇ ಥರ ಇರುತ್ತವೆ. ಎದೆಯ ಕೆಳಗೆ ಪೊಳ್ಳು, ಕೈ ನಡುಕ, ಸಣ್ಣ ಓಕರಿಕೆ. ಎಷ್ಟೋ ದಿನ ಬೆಳಿಗ್ಗೆ ಹನ್ನೊಂದಕ್ಕೆ ಆತಂಕ ಶುರುವಾಯಿತು ಎಂದು ನಾನು ಒದ್ದಾಡಿದ್ದು ಬರೀ ಹಸಿವಿಗೆ. ಈಗ ಹಾಗಾದಾಗ ಮೊದಲು ಎರಡು ತುತ್ತು ತಿಂದು ಹತ್ತು ನಿಮಿಷ ನೋಡುತ್ತೇನೆ.

ತಿಂದಿದ್ದನ್ನೆಲ್ಲ ಬರೆದಿಡುವ ಪುಸ್ತಕ ಇಟ್ಟಿದ್ದೆ. ಮೊದಲು ಉಪಯೋಗವಾಯಿತು. ಆಮೇಲೆ ಅದರಲ್ಲಿ 'ಬೇಡ' ಎಂಬ ಪಟ್ಟಿ ಬೆಳೆಯುತ್ತಲೇ ಹೋಯಿತು, ಕೊನೆಗೆ ತಿನ್ನಬಹುದಾದದ್ದು ಐದೇ ಐದು ಉಳಿದಿತ್ತು. ನಾನು ಹೋಗುತ್ತಿದ್ದ ಆಪ್ತಸಮಾಲೋಚಕಿ ಅದನ್ನು ಮುಚ್ಚಿಸಿದರು. ಕರುಳಿಗೆ ಕೆಲವು ಆಹಾರ ಬಿಟ್ಟು ನೋಡುವ ಪದ್ಧತಿ ಇದೆ, ಆದರೆ ಅದು ಕೆಲವೇ ವಾರಗಳ ಮಾತು, ಆಮೇಲೆ ಒಂದೊಂದಾಗಿ ವಾಪಸ್ ತರಬೇಕು. ತೂಕ ಇಳಿಯುತ್ತಿರುವವರು ತಜ್ಞರ ಸಹಾಯವಿಲ್ಲದೆ ಅದಕ್ಕೆ ಕೈ ಹಾಕಬಾರದು. ಪುಸ್ತಕ ಮುಚ್ಚಿದ ಮೇಲೆ ನಾವಿಬ್ಬರೂ ಭಯದ ಮೆಟ್ಟಿಲುಗಳನ್ನು, ಅಂದರೆ ಕಡಿಮೆ ಭಯದ ಕೆಲಸದಿಂದ ಹೆಚ್ಚು ಭಯದ ಕೆಲಸದವರೆಗಿನ ಪಟ್ಟಿಯನ್ನು ಬರೆದೆವು. ರಜೆಯ ದಿನ ತಿಂದು ಹೊರಗೆ ನಡೆಯುವುದು ಮೊದಲ ಮೆಟ್ಟಿಲು. ಕೆಲಸದ ದಿನ ಎರಡು ತುತ್ತು ತಿಂದು ಕುರ್ಚಿಯಲ್ಲಿ ಕೂರುವುದು ಏಳನೆಯದು. ಅಲ್ಲಿಗೆ ಹೋಗಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ರಾತ್ರಿ ಒಂದು ಮಾತ್ರೆಯೂ ಇದೆ. ಅಮಿಟ್ರಿಪ್ಟಿಲಿನ್, ಕಡಿಮೆ ಪ್ರಮಾಣದಲ್ಲಿ. ಖಿನ್ನತೆಗೆ ಕೊಡುತ್ತಿದ್ದ ಹಳೆಯ ಔಷಧ. ಹೆಸರು ನೋಡಿ ಮೊದಲು ಬೇಡ ಅಂದಿದ್ದೆ. ಕಡಿಮೆ ಪ್ರಮಾಣದಲ್ಲಿ ಅದು ಕರುಳಿನ ನೋವಿನ ನರಗಳನ್ನು ತಣ್ಣಗಾಗಿಸುತ್ತದೆ ಎಂದು ವೈದ್ಯರು ಹೇಳಿದ ಮೇಲೆ ಒಪ್ಪಿದೆ. ಬ್ರಿಟನ್ನಿನಲ್ಲಿ 463 ಜನರ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಇದರಿಂದ ಕರುಳಿನ ಕಿರಿಕಿರಿ ಕಡಿಮೆಯಾಗಿದ್ದು ಕಂಡಿದೆ. ಇದು ಎಲ್ಲರಿಗೂ ಹೊಂದುವ ಮಾತ್ರೆ ಅಲ್ಲ, ವೈದ್ಯರನ್ನು ಕೇಳದೆ ಯಾರೂ ತೆಗೆದುಕೊಳ್ಳಬೇಡಿ. ನಾನು ಹೇಳುವುದಿಷ್ಟೇ, ಇಂಥ ಮಾತ್ರೆ ಬರೆದುಕೊಟ್ಟರೆ ನಾಚಿಕೆಪಡುವ ಕಾರಣವಿಲ್ಲ.

ಮನೆಯವರಿಗೂ ಒಂದು ಮಾತು. ನನ್ನ ಗಂಡ ನಾನು ತಿನ್ನುವಾಗ ಪ್ರತಿ ತುತ್ತನ್ನೂ ನೋಡುತ್ತಿದ್ದರು. 'ಇನ್ನೊಂದು ಚೂರು, ನನಗೋಸ್ಕರ' ಅನ್ನುತ್ತಿದ್ದರು. ಆ ಕಣ್ಣಿನಲ್ಲಿದ್ದ ಹೆದರಿಕೆ ನೋಡಿದರೆ ಇದ್ದ ಚೂರು ಹಸಿವೂ ಹೋಗುತ್ತಿತ್ತು. ಒಂದು ಸಂಜೆ ಧೈರ್ಯ ಮಾಡಿ ಹೇಳಿದೆ: ನನ್ನ ತಟ್ಟೆ ನೋಡಬೇಡಿ, ಪಕ್ಕದಲ್ಲಿ ಕೂತು ಬೇರೆ ಏನಾದರೂ ಮಾತಾಡಿ. ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಆಫೀಸಿನ ಒಂದು ವಿಷಯ ಶುರು ಮಾಡಿದರು. ಆ ದಿನ ತಟ್ಟೆ ಖಾಲಿಯಾಗಿದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಪೂರ್ತಿ ವಾಸಿಯಾಗಿದೆ ಎಂದು ಹೇಳಲಾರೆ. ಕಳೆದ ತಿಂಗಳು ಒಂದು ವಾರ ಮತ್ತೆ ಹಳೆಯದೇ ಆಯಿತು. ಆದರೆ ಈಗ 55 ಕಿಲೋ ಇದ್ದೇನೆ. ಆ ವಾರವೂ ಊಟ ಬಿಡಲಿಲ್ಲ.

ಸಂಪಾದಕರೇ, ನನ್ನ ಕೋರಿಕೆ ಸಣ್ಣದು. ತಿನ್ನಲಾಗದವರ ಬಗ್ಗೆ ಒಂದು ವಾರ ಆರೋಗ್ಯ ಪುಟ ಕೊಡಿ. ಹೊಟ್ಟೆಯ ತಜ್ಞರನ್ನೂ ಮನಸ್ಸಿನ ತಜ್ಞರನ್ನೂ ಒಂದೇ ಪುಟದಲ್ಲಿ ಬರೆಸಿ, ಬೇರೆ ಬೇರೆ ವಾರ ಬೇಡ. ಯಾವ ಪರೀಕ್ಷೆ ಕೇಳಬೇಕು, ಎಷ್ಟು ತೂಕ ಇಳಿದರೆ ಹೋಗಬೇಕು, ಹಸಿವಿಲ್ಲದಾಗ ಹೇಗೆ ತಿನ್ನಬೇಕು, ಇಷ್ಟನ್ನು ಬರೆಸಿದರೆ ಸಾಕು. ಕೋರ್ಟಿನಲ್ಲಿ ಕೆಲಸ ಮಾಡುವವಳಾದ್ದರಿಂದ ನನ್ನ ಹೆಸರು ಹಾಕಬೇಡಿ.

ಇಂತಿ,
ನಿಮ್ಮ ಹಳೆಯ ಓದುಗಿ